ಮೇಷ್ಟ್ರು ಹಾಕಿದ ಉಪ್ಪು

ನಮ್ಮಪ್ಪ ಸಂಬಳ ತೆಗೆದುಕೊಳ್ಳುತ್ತಿದ್ದದ್ದೇ ಸುಳ್ಳು ಹೇಳುವುದಕ್ಕೆ. ತಮಾಷೆ ಮಾಡುತ್ತಿಲ್ಲ, ಅದೇ ಅವನ ಕೆಲಸ.

ಬೆಟ್ಟದ ಹೊಟ್ಟೆಯೊಳಗೆ, ಮುಚ್ಚಿಹೋದ ಹಳೆಯ ಗಣಿಯ ತಳದಲ್ಲಿ, ನಮ್ಮದೊಂದು ನೀರಿನ ತೊಟ್ಟಿ ಇದೆ. ತೊಟ್ಟಿ ಅಂದರೆ ಸ್ನಾನದ ಮನೆಯದ್ದು ಅಂದುಕೊಳ್ಳಬೇಡಿ. ಹತ್ತು ಮಹಡಿಯ ಕಟ್ಟಡವನ್ನು ಇಳಿಬಿಟ್ಟರೆ ಮುಳುಗುತ್ತದೆ. ಅದರ ತಳಕ್ಕೂ ಗೋಡೆಗೂ ಕುಂಬಳಕಾಯಿ ಗಾತ್ರದ ಗಾಜಿನ ಬಲ್ಬುಗಳನ್ನು ಒತ್ತೊತ್ತಾಗಿ ಕೂರಿಸಿದ್ದೇವೆ. ಅವು ಬೆಳಕು ಕೊಡುವ ಬಲ್ಬುಗಳಲ್ಲ, ಬೆಳಕನ್ನು ನೋಡುವ ಬಲ್ಬುಗಳು. ಸೂರ್ಯನ ಒಡಲಿನಿಂದ ಹೊರಡುವ ನ್ಯೂಟ್ರಿನೊ ಅನ್ನುವ ಕಣ ಇದೆಯಲ್ಲ, ಅದಕ್ಕೆ ಬೆಟ್ಟವೂ ಒಂದೇ ಬಯಲೂ ಒಂದೇ, ಯಾವುದನ್ನೂ ಲೆಕ್ಕಿಸದೆ ತೂರಿಕೊಂಡು ಹೋಗುತ್ತದೆ. ಕೋಟಿಗೊಂದು ಎಲ್ಲೋ ನಮ್ಮ ನೀರಿಗೆ ಬಡಿದು ಚಿಟಿಕೆಯಷ್ಟು ಬೆಳಕು ಬಿಡುತ್ತದೆ. ಆ ಚಿಟಿಕೆಯನ್ನು ಹಿಡಿಯುವುದು ನಮ್ಮ ಕೆಲಸ. ಅದರ ನಡುವೆ ಯಾರಿಗೂ ಗೊತ್ತಾಗದ ಹಾಗೆ ಕಂಪ್ಯೂಟರಿನಿಂದ ಸುಳ್ಳು ಬೆಳಕು ಸೇರಿಸುವುದು ಅಪ್ಪನ ಕೆಲಸ.

ಇದಕ್ಕೆ ನಾವು ಉಪ್ಪು ಹಾಕುವುದು ಅನ್ನುತ್ತೇವೆ. ಯಾಕೆ ಬೇಕು ಅಂತ ಕೇಳುತ್ತೀರಿ. ಸೂರ್ಯನಿಂದ ಹೊರಡುವಾಗ ಈ ಕಣ ಒಂದು ಬಗೆಯದಾಗಿರುತ್ತದೆ. ದಾರಿಯುದ್ದಕ್ಕೂ ವೇಷ ಬದಲಾಯಿಸುತ್ತ ಬಂದು, ಇಲ್ಲಿ ಮುಟ್ಟುವ ಹೊತ್ತಿಗೆ ಮೂರು ಬಗೆಗಳಲ್ಲಿ ಯಾವುದು ಬೇಕಾದರೂ ಆಗಿರಬಹುದು. ರಾತ್ರಿ ಹೊತ್ತು ಸೂರ್ಯ ನಮ್ಮ ಕಾಲಡಿಗೆ ಹೋಗಿರುತ್ತಾನಲ್ಲ, ಆಗ ಭೂಮಿಯನ್ನೇ ತೂರಿ ಬರುವವುಗಳಲ್ಲಿ ಕೆಲವು ಹಳೆಯ ವೇಷಕ್ಕೆ ವಾಪಸ್ಸಾಗುತ್ತವೆ ಅನ್ನುತ್ತದೆ ಲೆಕ್ಕ. ಅಂದರೆ ಹಗಲಿಗಿಂತ ರಾತ್ರಿ ಕೂದಲೆಳೆಯಷ್ಟು ಹೆಚ್ಚು ಸಿಗಬೇಕು. ಆ ಕೂದಲೆಳೆಗಾಗಿ ವರ್ಷಗಟ್ಟಲೆ ಕಾದು ಕೂತವರಿಗೆ ಅದು ಇಲ್ಲದಿದ್ದರೂ ಕಾಣಿಸಲು ಶುರುವಾಗುತ್ತದೆ. ಹಾಗಾಗಬಾರದು ಅಂತಲೇ ಉಪ್ಪು. ಕಂಡದ್ದರಲ್ಲಿ ಯಾವುದು ಸೂರ್ಯನದು, ಯಾವುದು ಅಪ್ಪನದು ಅನ್ನುವುದು ಲೆಕ್ಕವೆಲ್ಲ ಮುಗಿಯುವವರೆಗೆ ನಮಗೆ ಯಾರಿಗೂ ತಿಳಿಯುವುದಿಲ್ಲ. ಅಪ್ಪನೂ ಬಾಯಿ ಬಿಡುವ ಹಾಗಿಲ್ಲ. ಹಾಕಿದೆ ಅನ್ನಬಾರದು, ಹಾಕಿಲ್ಲ ಅಂತಲೂ ಅನ್ನಬಾರದು. ಅವನ ಕಂಪ್ಯೂಟರಿನ ಪಾಸ್‌ವರ್ಡ್ ಅವನ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅದೂ ನಿಯಮವೇ.

ಅಪ್ಪ ಈ ಕೆಲಸಕ್ಕೇ ಹುಟ್ಟಿದವನು. ಇಲ್ಲಿರುವ ಅರ್ಧ ಜನಕ್ಕೆ ಪಾಠ ಹೇಳಿದ್ದರಿಂದ ಎಲ್ಲರ ಬಾಯಲ್ಲೂ ಮೇಷ್ಟ್ರೇ. ನಿವೃತ್ತಿಯಾದ ಮೇಲೂ ಉಪ್ಪಿನ ಕೆಲಸವನ್ನು ಯಾರೂ ಅವನ ಕೈಯಿಂದ ಕಿತ್ತುಕೊಳ್ಳಲಿಲ್ಲ. ದಿನಾ ನನ್ನ ಕಾರಿನಲ್ಲೇ ಬರುತ್ತಿದ್ದ, ತನ್ನ ಪುಟ್ಟ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದ.

"ಇದು ನಿಮ್ದೇನಾ ಮೇಷ್ಟ್ರೇ?" ಅಂತ ಹೊಸಬರು ಹಲ್ಲು ಕಿರಿದುಕೊಂಡು ಕೇಳಿದರೆ, "ನಂಗೆ ಬಿಪಿ ಕಣಪ್ಪ, ಉಪ್ಪು ಮುಟ್ಟೋ ಹಾಗಿಲ್ಲ" ಅನ್ನುತ್ತಿದ್ದ. ಇಲ್ಲದಿದ್ದರೆ, "ವಯಸ್ಸಾಯ್ತು, ಏನೂ ನೆನಪಿರಲ್ಲ" ಅಂತ ತಲೆ ಕೆರೆದುಕೊಳ್ಳುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಾನು ನಿಗಾ ಕೋಣೆಯ ಹಗಲು ಪಾಳಿಯವಳು. ನೆಲದ ಮೇಲೆ, ಗಣಿಯ ಬಾಯಿಗೆ ಅಂಟಿಕೊಂಡಿರುವ ಕೋಣೆ ಅದು. ಗೋಡೆ ತುಂಬ ಪರದೆಗಳು, ಮೇಜಿನ ಮೇಲೆ ತೊಟ್ಟಿಗೆ ನೇರ ಎಳೆದ ಒಂದು ಫೋನು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಳುಕು ಅದಕ್ಕಿಂತ ಮುಂದೆ. ಹೋದ ವರ್ಷ ಒಂದು ಮೂಲೆಯಲ್ಲಿ ಬೆಳಕು ಮತ್ತೆ ಮತ್ತೆ ಮಿಣುಕಿದ್ದನ್ನು ಕಂಡು, ಯಾವುದೋ ಬಲ್ಬು ಕೆಟ್ಟಿದೆ ಅಂತ ಕೂಗಾಡಿ ಎಲ್ಲವನ್ನೂ ನಿಲ್ಲಿಸಿಬಿಟ್ಟಿದ್ದೆ. ನೀರು ಇಳಿಸಿ ನೋಡಿದರೆ ಬಲ್ಬುಗಳು ಕಲ್ಲಿನ ಹಾಗಿದ್ದವು. ಉಪ್ಪು ಅದು. ಇಡೀ ಕಚೇರಿ ನನ್ನನ್ನು ಆಡಿಕೊಂಡಿತು. ನಾನು ಮನೆಗೆ ಬಂದು ಬಾಗಿಲ ಹಿಂದೆ ನಿಂತು ಅತ್ತೆ. ಅಪ್ಪನಿಗೆ ಅದು ಕೇಳಿಸಿತ್ತು. ಆದರೂ ಅದು ತನ್ನದೆಂದು ಅಂದೂ ಹೇಳಲಿಲ್ಲ, ಇಂದಿನವರೆಗೂ ಹೇಳಿಲ್ಲ. ಮಗಳು ಅಂತಲೂ ನೋಡಲಿಲ್ಲವಲ್ಲ ಈ ಮನುಷ್ಯ ಅಂತ ಆಗ ಹೊಟ್ಟೆ ಉರಿದುಹೋಗಿತ್ತು. ಅದಾದ ಮೇಲೆ ಯಾವುದನ್ನೇ ನಿಲ್ಲಿಸಬೇಕಾದರೂ ದೊಡ್ಡ ಮೇಡಂ ಒಪ್ಪಬೇಕು ಅಂತಾಯಿತು. ದೊಡ್ಡ ಮೇಡಂ ಅಂದರೆ ಇಡೀ ತೊಟ್ಟಿಯ ಮುಖ್ಯಸ್ಥೆ.

ಈ ವರ್ಷ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಸತ್ತ ಬಲ್ಬುಗಳನ್ನು ಬದಲಾಯಿಸಿದೆವು. ತಳದ ಬಲ್ಬುಗಳನ್ನು ಹಾಕುವಾಗ ಅವುಗಳ ಮೇಲೇ ಮೆತ್ತನೆಯ ಹಲಗೆ ಹಾಸಿ ಓಡಾಡಬೇಕು, ಬೇರೆ ದಾರಿಯಿಲ್ಲ. ಅದು ಮುಗಿದ ಮೇಲೆ ನೀರು ತುಂಬುತ್ತ ಬರುವುದು, ನೀರು ಏರಿದ ಹಾಗೆ ರಬ್ಬರ್ ದೋಣಿಯಲ್ಲಿ ಕೂತು ಗೋಡೆಯ ಮುಂದಿನ ಸಾಲು ಕಟ್ಟುತ್ತ ಹೋಗುವುದು. ಆ ದೋಣಿಯ ಮೇಸ್ತ್ರಿ ನನ್ನ ತಮ್ಮ. ವರ್ಷವಿಡೀ ನೀರಿನ ಮೇಲೇ ಇರುತ್ತಾನೆ ಅಂತ ಅವನಿಗೆ ಬಾತು ಅಂತಲೇ ಹೆಸರು. ಜೊತೆಗೆ ಇಬ್ಬರು.

ನೀರು ಎಷ್ಟು ಶುದ್ಧವೆಂದರೆ ದೋಣಿ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದಂತೆ. "ಕೆಳಗೆ ನೋಡಿದ್ರೆ ನೀರೇ ಕಾಣಲ್ಲ ಅಕ್ಕಾ, ಬಲ್ಬುಗಳೇ ಕಣ್ಣು ಬಿಟ್ಕೊಂಡು ನಮ್ಮನ್ನ ನೋಡ್ತಿರ್ತವೆ," ಅನ್ನುತ್ತಿದ್ದ. ದಿನಾ ಊಟಕ್ಕೆ ಮೊದಲು ಕತ್ತಲ ಪರೀಕ್ಷೆ. ಮೂವರೂ ದೀಪ ಆರಿಸಿ ದೋಣಿಯಲ್ಲಿ ಅಲ್ಲಾಡದೆ ಕೂರುತ್ತಾರೆ. ನಾನು ಮೇಲಿನಿಂದ, ನೀರಲ್ಲಿ ಮುಳುಗಿರುವ ಬಲ್ಬುಗಳಿಗೆ ಕರೆಂಟು ಕೊಟ್ಟು ಒಂದೊಂದನ್ನೂ ನೋಡುತ್ತೇನೆ. ಒಂದು ಕಿಡಿ ಬೆಳಕಿದ್ದರೂ ಬಲ್ಬುಗಳಿಗೆ ಆಗುವುದಿಲ್ಲ. ಆ ಕತ್ತಲಲ್ಲಿ ತಮ್ಮ ಹಾಡುತ್ತಿದ್ದ. ದೇವರೇ, ಅದೇನು ಗಂಟಲೋ! ಫೋನಿನಲ್ಲಿ ಕೇಳಿಸಿಕೊಂಡು ನಾನು ಬೈಯುತ್ತಿದ್ದೆ. ಜೊತೆಯವರಿಗೆ ಭಯವಾಗದಿರಲಿ ಅಂತ ಹಾಡುತ್ತಾನೆ ಅನ್ನುವುದು ನನಗೆ ಗೊತ್ತಿತ್ತು, ಆದರೂ ಬೈಯುತ್ತಿದ್ದೆ.

ನೀರು ಅರ್ಧಕ್ಕೆ ಬಂದಾಗ ಮೊದಲ ಸಲ ಕಂಡಿತು. ಪರದೆಯಲ್ಲಿ ತಳದ ಒಂದು ಬಲ್ಬಿನ ಸುತ್ತ, ದೋಣಿಯವರ ಕಣ್ಣಿಗೆ ಬೀಳದಷ್ಟು ಸಣ್ಣ ಬೆಳಕು. ಬಂತು, ಹೋಯಿತು. ಗಾಜಿನಲ್ಲಿ ಕೂದಲಷ್ಟು ಬಿರುಕಿದ್ದರೂ ಒಳಗೆ ಹೀಗೆ ಮಿಣುಕುವುದುಂಟು. ಉಪ್ಪೂ ಹೀಗೇ ಮಿಣುಕುತ್ತದೆ. ಅಪ್ಪ ಕತ್ತಲ ಪರೀಕ್ಷೆಯಲ್ಲೂ ಉಪ್ಪು ಹಾಕಿದವನೇ, ಪಾಳಿಯವರು ತೂಕಡಿಸುತ್ತಾರೋ ಇಲ್ಲವೋ ನೋಡಲು. ಉಪ್ಪಾದರೆ ಚಿಂತೆಯಿಲ್ಲ. ಬಿರುಕಾದರೆ? ನೀರು ಏರಿದಷ್ಟೂ ತಳದ ಬಲ್ಬಿನ ಮೇಲೆ ಭಾರ ಏರುತ್ತದೆ. ಒಳಗೆ ಗಾಳಿಯೂ ಇಲ್ಲದ ಗಾಜು ಅದು. ಒಂದು ಒಡೆದರೆ ನೀರು ನುಗ್ಗುವ ಹೊಡೆತಕ್ಕೆ ಪಕ್ಕದ್ದು, ಅದರ ಹೊಡೆತಕ್ಕೆ ಅದರ ಪಕ್ಕದ್ದು. ಮೇಲೆ ರಬ್ಬರ್ ದೋಣಿಯಲ್ಲಿ ನನ್ನ ತಮ್ಮ.

ಸಂಜೆ ಕಾರಿನಲ್ಲಿ ಕೇಳಿದೆ. "ಅಪ್ಪಾ, ತಳದಲ್ಲಿ ಮಿಣುಕಿದ್ದು ನಿಂದಾ?"

"ಬಿಪಿ ಕಣೇ," ಅಂದ, ಕಿಟಕಿಯಾಚೆ ನೋಡುತ್ತ.

"ತಮಾಷೆ ಬೇಡ. ಬಾತು ಇದ್ದಾನೆ ಅದರ ಮೇಲೆ."

"ನೀನು ಕಡ್ಡೀನ ಗುಡ್ಡ ಮಾಡ್ಬೇಡ." ಮುಂದಿನ ತಿರುವಿನಲ್ಲಿ, "ಇದ್ಯಾಕೆ ಈ ದಾರೀಲಿ ಬಂದೆ?" ಅಂದ. ನಾವು ದಿನಾ ಬರುವ ದಾರಿಯೇ ಅದು. ಮಾತು ತಪ್ಪಿಸುತ್ತಿದ್ದಾನೆ ಅಂತ ನನಗೆ ಇನ್ನಷ್ಟು ರೇಗಿತು.

ಮನೆಯಲ್ಲಿ ನಾವು ಮೂವರೇ. ಅಮ್ಮ ತೀರಿಕೊಂಡು ಕೆಲವು ವರ್ಷವಾಗಿದೆ. ಆಸ್ಪತ್ರೆಯಲ್ಲಿ ಕೊನೆಯವರೆಗೆ ಅವಳ ಕೈ ಬಿಡದೆ ಕೂತಿದ್ದವನು ತಮ್ಮ. ಆ ರಾತ್ರಿ ಊಟಕ್ಕೆ ಕೂತಾಗ ಅವನಿಗೆ ವಿಷಯ ಹೇಳಿದೆ. ಅವನು ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕ.

"ಶುರುವಾಯ್ತಾ ನಿಂದು? ಹೋದ ವರ್ಷ ಮರ್ಯಾದೆ ಹೋಗಿದ್ದು ಸಾಲ್ಲಿಲ್ವಾ?"

"ನಿನ್ನ ಜೀವಕ್ಕೋಸ್ಕರ ಹೇಳ್ತಿದ್ದೀನಿ ಕತ್ತೆ!"

"ನನ್ನ ಜೀವಕ್ಕೆ ಅಪ್ಪ ಇದ್ದಾನಲ್ಲ. ಮಗ ದೋಣೀಲಿರುವಾಗ ಅವನು ಸುಮ್ನಿರ್ತಾನಾ? ನಿಜವಾದ ಬಿರುಕಾಗಿದ್ರೆ ಇಷ್ಟೊತ್ತಿಗೆ ನಮ್ಮನ್ನ ಕುತ್ತಿಗೆ ಹಿಡಿದು ಎಳ್ಕೊಂಡ್ ಬರ್ತಿದ್ದ. ಅಲ್ವೇನಪ್ಪಾ?"

ಅಪ್ಪ ನಕ್ಕು ತಲೆಯಾಡಿಸಿದ. ಆ ಮಾತಿನಲ್ಲಿ ತಥ್ಯ ಇತ್ತು. ಉಪ್ಪಲ್ಲ ಅಂತ ಗೊತ್ತಿರುವವನು ಈ ಲೋಕದಲ್ಲಿ ಒಬ್ಬನೇ, ಆ ಒಬ್ಬ ಸುಮ್ಮನಿದ್ದಾನೆ ಅಂದರೆ ಉಪ್ಪೇ ಇರಬೇಕು. ನಾನೂ ಹಾಗೇ ನಂಬಿ ಮಲಗಿದೆ.

ಮಾರನೆಯ ದಿನ ಮಿಣುಕು ಎರಡು ಸಲ ಬಂತು. ಅದರ ಮಾರನೆಯ ದಿನ ಲೆಕ್ಕಕ್ಕೇ ಸಿಗಲಿಲ್ಲ. ಅದೇ ಬಲ್ಬು, ಅದೇ ಜಾಗ. ಅಪ್ಪನ ಉಪ್ಪು ಯಾವತ್ತೂ ಒಂದೇ ಜಾಗದಲ್ಲಿ ಇಷ್ಟು ಹಟ ಹಿಡಿದಿರಲಿಲ್ಲ. ಆದರೆ ಹಾಗೆ ಯೋಚಿಸಲಿ ಅಂತಲೇ ಹಾಕಿರಬಹುದಲ್ಲ? ಈ ಉಪ್ಪಿನ ಹಾಳು ಗುಣವೇ ಅದು. ಯಾವುದನ್ನು ಕಂಡರೂ ಅದರ ಹಿಂದೆ ಅಪ್ಪನ ಮುಖ ಕಾಣುತ್ತಿತ್ತು. ನನ್ನ ತಲೆ ಕೆಟ್ಟು ಹೋಗಿತ್ತು. ಊಟ ಸೇರುತ್ತಿರಲಿಲ್ಲ, ಯಾರು ಮಾತಾಡಿಸಿದರೂ ಸಿಡುಕುತ್ತಿದ್ದೆ.

ಆ ಕೊನೆಯ ದಿನ ನೀರು ಮುಕ್ಕಾಲು ದಾಟಿತ್ತು. ಕತ್ತಲ ಪರೀಕ್ಷೆ ಶುರುವಾದ ಕೂಡಲೇ ಆ ಬಲ್ಬು ಮಿಣುಕಲಿಲ್ಲ, ಉರಿಯಿತು. ಬೆಳಕು ನಿಂತೇಬಿಟ್ಟಿತು. ಅದರ ಅಕ್ಕಪಕ್ಕದ ಬಲ್ಬುಗಳೆಲ್ಲ ಆ ಬೆಳಕನ್ನು ಕಂಡು ಪರದೆಯ ಮೇಲೆ ಕೆಂಪಾದವು. ಫೋನಿನಲ್ಲಿ ತಮ್ಮ ಆ ದರಿದ್ರ ಹಾಡು ಹಾಡುತ್ತಿದ್ದ.

ನಾನು ಎದ್ದು ಅಪ್ಪನ ಕೋಣೆಗೆ ಓಡಿದೆ, ಬಾಗಿಲನ್ನೂ ತಟ್ಟಲಿಲ್ಲ. ಅಪ್ಪ, ಪಾಸ್‌ವರ್ಡ್ ಕೇಳುತ್ತಿದ್ದ ಕಂಪ್ಯೂಟರಿನ ಮುಂದೆ ಕೈ ಕಟ್ಟಿಕೊಂಡು ಕೂತಿದ್ದ.

"ಅಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ನಿಯಮ ಗಿಯಮ ಎಲ್ಲ ಸುಡು. ಬಾತು ಒಳಗಿದ್ದಾನೆ. ತಳದಲ್ಲಿ ಉರೀತಿರೋದು ನಿಂದಾ, ಅಲ್ವಾ? ಅಷ್ಟು ಹೇಳಿಬಿಡು."

ಅಪ್ಪ ನನ್ನ ಮುಖ ನೋಡಿದ. ಕೆನ್ನೆ ಸವರಿದ. "ನಂದೇ ಕಣೇ," ಅಂದ. "ನಾನೇ ಹಾಕಿದ್ದು. ಹೆದರ್ಕೋಬೇಡ, ಹೋಗು."

ಅಬ್ಬಾ ಅನ್ನಿಸಿತು. ಮೈ ಹಗುರಾಗಿ ಹೋಯಿತು. "ಮೊದಲೇ ಹೇಳೋಕೇನಾಗಿತ್ತು ಮುದುಕಪ್ಪ?" ಅಂತ ಬೈದು, ಕಣ್ಣು ಒರೆಸಿಕೊಂಡು ಹೊರಗೆ ಬಂದೆ. ಓಣಿಯ ಅರ್ಧಕ್ಕೆ ಬಂದಿರಬೇಕು, ಕಾಲು ನಿಂತುಹೋಯಿತು.

ಅಪ್ಪ ಹೇಳಿದ. ಹೇಳಿಬಿಟ್ಟ.

ಹೋದ ವರ್ಷ ನಾನು ಬಾಗಿಲ ಹಿಂದೆ ಅಳುವಾಗ ಬಾಯಿ ಬಿಡದವನು, ಅಮ್ಮ ಕಾಯಿಲೆ ಮಲಗಿದ್ದಾಗ ಅವಳು ಯಾವುದು ಉಪ್ಪು ಅಂತ ಆಸೆಪಟ್ಟು ಕೇಳಿದರೂ ಬಿಡದವನು, ಇವತ್ತು ಒಂದೇ ಮಾತಿಗೆ ನಂದೇ ಅಂದ. ನನ್ನಪ್ಪ ಹಾಗೆ ಹೇಳುವವನಲ್ಲ. ನಿಜವಾಗಿ ಅವನದೇ ಆಗಿದ್ದರೆ ಬಿಪಿ ಅಂತ ನಕ್ಕು ಕಳಿಸುತ್ತಿದ್ದ. ಅಲ್ಲದಿದ್ದರೆ ಆಚೆ ಬಂದು, ನನ್ನನ್ನು ಪಕ್ಕಕ್ಕೆ ತಳ್ಳಿ, ಮಗನನ್ನು ಬೇರೇನೋ ನೆಪ ಹೇಳಿ ಮೇಲೆ ಕರೆಸುತ್ತಿದ್ದ. ಹೇಗಿದ್ದರೂ ಹೌದು ಅನ್ನುತ್ತಿರಲಿಲ್ಲ. ಅಳುವ ಮಗುವಿಗೆ ಏನೋ ಒಂದು ಹೇಳಿ ಸಮಾಧಾನ ಮಾಡುವವರ ಹಾಗಿತ್ತು ಆ ದನಿ. ಆಗ ಕಾರಿನ ಮಾತು ನೆನಪಾಯಿತು. ಗೇಟಿನ ಕಾವಲುಗಾರನ ಜೊತೆ, ಗುರುತಿನ ಚೀಟಿ ಆಗಲೇ ತೋರಿಸಿದೆನಲ್ಲ ಅಂತ ದಿನಾ ಜಗಳ ಮಾಡುತ್ತಿದ್ದದ್ದು ನೆನಪಾಯಿತು. ಎಲ್ಲವನ್ನೂ ಅಪ್ಪನ ಕುಚೇಷ್ಟೆ ಅಂತ ನಕ್ಕು ಬಿಟ್ಟಿದ್ದೆವು. ಅವನಿಗೆ ಗೊತ್ತಿಲ್ಲ. ಉಪ್ಪು ಹಾಕಿದ್ದಾನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಹೇಳಬಾರದು ಅನ್ನುವ ನಿಯಮದ ಹಿಂದೆ ಎಷ್ಟು ತಿಂಗಳಿಂದ ಅಡಗಿ ಕೂತಿದ್ದನೋ!

ದೊಡ್ಡ ಮೇಡಂ ಪರದೆಗಳ ಮುಂದೆ ನಿಂತಿದ್ದರು. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

"ನಡಿ, ಅವರನ್ನೇ ಕೇಳೋಣ," ಅಂದರು. ಅಪ್ಪನ ಬಾಗಿಲಲ್ಲಿ ನಿಂತು ಕೇಳಿದರು. "ಮೇಷ್ಟ್ರೇ, ತಳದಲ್ಲಿರೋದು ನಿಮ್ದೇನಾ?"

ಅಪ್ಪ ಕನ್ನಡಕ ಸರಿಮಾಡಿಕೊಂಡ. ನೆಟ್ಟಗೆ ಕೂತ. "ನನ್ನ ಶಿಷ್ಯೆಯಾಗಿ ನೀನೇ ಹೀಗೆ ಕೇಳಬಹುದಾ?" ಅಂದ. ಹಳೆಯ ದನಿ, ಹಳೆಯ ಗತ್ತು, ಒಂದಿಷ್ಟೂ ಮುಕ್ಕಾಗಿರಲಿಲ್ಲ.

"ತಪ್ಪಾಯ್ತು ಮೇಷ್ಟ್ರೇ," ಅಂತ ಮೇಡಂ ನಗುತ್ತ ಬಾಗಿಲೆಳೆದರು. "ನೋಡಿದ್ಯಾ? ಚೆನ್ನಾಗೇ ಇದ್ದಾರೆ."

"ಮೇಡಂ, ಈಗಷ್ಟೇ ನಂಗೆ ನಂದೇ ಅಂದ!"

"ಹಾಗಾದ್ರೆ ಇನ್ನೂ ಒಳ್ಳೇದಾಯ್ತಲ್ಲ. ಎರಡರಲ್ಲಿ ಹೇಗೆ ನೋಡಿದ್ರೂ ಉಪ್ಪೇ. ಹೋದ ವರ್ಷದ ಹಾಗೆ ಇನ್ನೊಂದ್ಸಲ ನಿಲ್ಲಿಸೋಕೆ ನಂಗೆ ಧೈರ್ಯ ಇಲ್ಲಮ್ಮ. ದೀಪ ಹಚ್ಚಕ್ಕೆ ಹೇಳು, ನೀರು ಬಿಡ್ತೀವಿ." ಅವರು ಪಂಪಿನವರಿಗೆ ಕೈ ಮಾಡಿದರು.

ನನ್ನ ಕೈಯಲ್ಲಿ ಉಳಿದದ್ದು ಆ ಫೋನು ಒಂದೇ. "ಬಾತೂ, ಮೇಲೆ ಬಾರೋ. ಈಗಿಂದೀಗ್ಲೇ ಬಾ."

"ಮೇಡಂ ಹೇಳಿದ್ರಾ?"

"ನಾನು ಹೇಳ್ತಿದ್ದೀನಿ!"

"ನೀನು ಹೋದ ವರ್ಷಾನೂ ಹೇಳಿದ್ದೆ. ಸಾಲು ಅರ್ಧಕ್ಕೆ ನಿಂತಿದೆ ಅಕ್ಕಾ, ಈಗ ಎದ್ದು ಬಂದ್ರೆ ಕಟ್ಟಿದ್ದೆಲ್ಲ ಸಡಿಲ ಆಗತ್ತೆ. ಅಪ್ಪ ಏನಂದ?"

ಅವನ ಹಿಂದೆ ಪಂಪಿನ ಸದ್ದು ಶುರುವಾದದ್ದು ಕೇಳಿಸಿತು. ನೀರು ಏರತೊಡಗಿತ್ತು. ನಾನು ಮತ್ತೆ ಓಡಿ ಅಪ್ಪನ ರಟ್ಟೆ ಹಿಡಿದು ಎಬ್ಬಿಸಿದೆ. ಇದು ಮಾಡಬಾರದ ಕೆಲಸ ಅಂತ ನನಗೆ ಗೊತ್ತಿತ್ತು. ಇಷ್ಟು ಜನರ ಮುಂದೆ ಅಪ್ಪನ ಮಾನವನ್ನು ನಾನೇ ಬಿಚ್ಚಿಡಬೇಕು. ಓಣಿಯಲ್ಲಿ ಅವನ ಕಿವಿಯ ಹತ್ತಿರ ಹೇಳಿದೆ.

"ಅಪ್ಪಾ, ನಂಗೆ ಗೊತ್ತಾಯ್ತು. ನಿಂಗೆ ನೆನಪಿಲ್ಲ. ಪರವಾಗಿಲ್ಲ, ತಪ್ಪೇನಿಲ್ಲ. ಆದ್ರೆ ನಿನ್ನ ಮಗಂಗೆ ಅದನ್ನ ನೀನೇ ಹೇಳ್ಬೇಕು. ನೀನು ಹೇಳದಿದ್ರೆ ಅವನು ಸಾಯ್ತಾನೆ."

ನನ್ನ ಮೇಲೆ ಕೋಪ ಮಾಡಿಕೊಳ್ಳುತ್ತಾನೆ ಅಂದುಕೊಂಡೆ. ಅವನು ಮಗುವಿನ ಹಾಗೆ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು ಬಂದ.

ಫೋನನ್ನು ಎರಡೂ ಕೈಯಲ್ಲಿ ಹಿಡಿದ. ಎಲ್ಲರಿಗೂ ಕೇಳಲಿ ಅಂತ ನಾನು ಸ್ಪೀಕರ್ ಒತ್ತಿದೆ. ನಿಗಾ ಕೋಣೆಯವರೆಲ್ಲ ತಿರುಗಿ ನೋಡಿದರು.

"ಏನಪ್ಪಾ, ಉಪ್ಪೋ ಹುಳಿಯೋ?" ಅಂತ ತಮ್ಮ ಆ ಕಡೆಯಿಂದ ಕೇಳಿದ.

"ಗೊತ್ತಿಲ್ಲ ಕಣೋ," ಅಂದ ಅಪ್ಪ. "ಹಾಕಿದ್ನೋ ಇಲ್ವೋ ನಂಗೆ ನೆನಪಾಗ್ತಿಲ್ಲ. ಏನೂ ನೆನಪಾಗ್ತಿಲ್ಲ."

ದೋಣಿಯಲ್ಲಿ ಮೂವರೂ ಗೊಳ್ಳೆಂದು ನಕ್ಕರು. ಆ ನಗು ತೊಟ್ಟಿಯ ಗೋಡೆಗೆ ಬಡಿದು ಇಷ್ಟು ದೂರಕ್ಕೂ ಕೇಳಿಸಿತು. ನಿಗಾ ಕೋಣೆಯಲ್ಲೂ ಇಬ್ಬರು ನಕ್ಕರು. ದೊಡ್ಡ ಮೇಡಂ ಕೂಡ ಮುಗುಳ್ನಕ್ಕರು.

"ನಿಜ ಕಣೋ!" ಅಪ್ಪ ಕೂಗಿದ.

"ಅದೂ ಹಳೇ ಡೈಲಾಗೇ ಬಿಡಪ್ಪಾ. ಬೇರೆ ಏನಾದ್ರೂ ಹೊಸದು ಹೇಳು."

ಅಯ್ಯೋ ದೇವರೇ. ಇಷ್ಟು ವರ್ಷ ಸುಳ್ಳಾಗಿ ಹೇಳಿದ ಮಾತನ್ನೇ ಈಗ ನಿಜವಾಗಿ ಹೇಳುತ್ತಿದ್ದಾನೆ, ಒಬ್ಬರಾದರೂ ನಂಬಬೇಕಲ್ಲ! ನಾನು ಫೋನು ಕಿತ್ತುಕೊಳ್ಳಲು ಕೈ ಚಾಚಿದೆ. ಅಪ್ಪ ಕೊಡಲಿಲ್ಲ. ಅವನ ಮುಖದಲ್ಲಿದ್ದ ಸಂಕಟ ಮೆಲ್ಲಗೆ ಇಳಿಯಿತು. ಫೋನನ್ನು ಯಾಕೆ ಹಿಡಿದಿದ್ದೇನೆ ಅನ್ನುವುದೇ ತಪ್ಪಿಹೋದವನ ಹಾಗೆ ಸುಮ್ಮನೆ ನಿಂತ. ಆಮೇಲೆ, ಸಂಜೆ ಹೊತ್ತು ಬೀದಿಯಲ್ಲಿ ಆಡುವ ಮಗನನ್ನು ಕರೆಯುವ ದನಿಯಲ್ಲಿ ಹೇಳಿದ.

"ಸರಿ, ಸಾಕು ಆಟ. ಬೇಗ ಬಾ ಮೇಲೆ. ನಿಮ್ಮಮ್ಮ ಆಗ್ಲೇ ತಟ್ಟೆ ಹಾಕ್ಕೊಂಡು ಕಾಯ್ತಿದ್ದಾಳೆ. ನೀನು ಬರೋವರೆಗೂ ಅವಳು ಉಣ್ಣಲ್ಲ, ಗೊತ್ತಲ್ಲ ನಿಂಗೆ?"

ನಗು ನಿಂತಿತು. ಪಂಪಿನ ಸದ್ದು ಮಾತ್ರ. ಅಮ್ಮನನ್ನು ನಿಗಾ ಕೋಣೆಯಲ್ಲಿದ್ದವರೆಲ್ಲ ಬಲ್ಲರು. ಅವಳ ಮಣ್ಣಿಗೆ ಬಂದವರೇ ಎಲ್ಲ.

"ಅಕ್ಕಾ," ಅಂದ ತಮ್ಮ. "ಎಷ್ಟು ದಿನದಿಂದ ಹೀಗೆ?"

"ನಂಗೂ ಇವತ್ತೇ ಗೊತ್ತಾಗಿದ್ದು ಕಣೋ."

"ಬರ್ತಿದ್ದೀವಿ. ಮೂರೂ ಜನ."

"ಪಂಪು ನಿಲ್ಲಿಸಿ!" ಅಂತ ದೊಡ್ಡ ಮೇಡಂ ಕಿರುಚಿದರು. ಅವರ ದನಿ ಹಾಗೆ ಒಡೆದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ದೋಣಿಯಿಂದ ಕಬ್ಬಿಣದ ಏಣಿ, ಏಣಿಯಿಂದ ತೊಟ್ಟಿಯ ಬಾಯಿ, ಅಲ್ಲಿಂದ ಕಲ್ಲಿನ ಕಟ್ಟೆ. ಹುಟ್ಟು ಹಾಕುವ ಸದ್ದು ಕೇಳಿಸಿತು. ಏಣಿಗೆ ಬೂಟು ತಾಕಿದ್ದು ಕೇಳಿಸಿತು. "ನೀವಿಬ್ರೂ ಮೊದ್ಲು ಹತ್ರೋ," ಅಂತ ತಮ್ಮ ಅಂದದ್ದು ಕೇಳಿಸಿತು. ಯಾವಾಗಲೂ ಹಾಗೇ ಅವನು, ಎಲ್ಲರಿಗಿಂತ ಹಿಂದೆ. ಅವರ ಫೋನು ದೋಣಿಯಲ್ಲೇ ಬಿದ್ದಿತ್ತು. ನಾನು ಅಪ್ಪನ ಕೈಯಿಂದ ನಮ್ಮ ಫೋನು ತೆಗೆದು ಕಿವಿಗೊತ್ತಿಕೊಂಡು, ಹತ್ತೋ, ಹತ್ತೋ ಅಂತ ಬಡಬಡಿಸುತ್ತಿದ್ದೆ.

ಮೊದಲು ಫೋನಿನಲ್ಲಿ ಟಪ್ ಅಂತ ಒಂದು ಸದ್ದು, ಯಾರೋ ಪಕ್ಕದ ಮನೆಯಲ್ಲಿ ಬಾಗಿಲು ಹಾಕಿದ ಹಾಗೆ. ಪರದೆಯಲ್ಲಿ ಉರಿಯುತ್ತಿದ್ದ ಚುಕ್ಕಿ ಆರಿತು. ಅದರ ಸುತ್ತಲಿನವು ಆರಿದವು. ಅವುಗಳ ಸುತ್ತಲಿನವೂ ಆರಿದವು. ಕಪ್ಪು ಹರಡುತ್ತ ಇಡೀ ತಳವನ್ನು ನುಂಗಿ, ಗೋಡೆ ಹತ್ತತೊಡಗಿತು. ಅಷ್ಟರಲ್ಲಿ ನೆಲ ನಡುಗಿತು. ಮೇಜಿನ ಮೇಲಿನ ಲೋಟಗಳು ಒಂದಕ್ಕೊಂದು ತಾಕಿ ಗಲಗಲ ಅಂದವು. ಕಾಲಿನ ಅಡಿಯಿಂದ ಬಂದ ಆ ಗುಡುಗು ನಿಲ್ಲಲೇ ಇಲ್ಲ. ಕಿವಿಯಲ್ಲಿದ್ದ ಫೋನು ಒಮ್ಮೆ ಕಿರ್ರೆಂದು ಸತ್ತುಹೋಯಿತು.

ನಾನು ಅವನ ಹೆಸರು ಕೂಗಿದೆ, ಬಾತು ಅಂತಲ್ಲ, ಅಮ್ಮ ಇಟ್ಟ ಹೆಸರು. ಉತ್ತರ ಬರಲಿಲ್ಲ. ಸತ್ತ ಫೋನಿನಲ್ಲಿ ಉತ್ತರ ಎಲ್ಲಿಂದ ಬರಬೇಕು? ಅಷ್ಟೂ ತಿಳಿಯದೆ ಕೂಗುತ್ತಲೇ ಇದ್ದೆ. ಕೊನೆಗೆ ಕೆಳಗಿನ ಕಾವಲಿನವನ ದನಿ ಇನ್ನೊಂದು ಫೋನಿನಲ್ಲಿ ಬಂತು. "ಮೂರೂ ಜನ ಕಟ್ಟೆ ಮೇಲಿದ್ದಾರೆ. ದೋಣಿ ಚಿಂದಿಯಾಗಿದೆ. ಬಾತು ಕಾಲು ಒಂದಿಷ್ಟು ತರಚಿದೆ, ಅಷ್ಟೇ."

ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಜೀವ ಬಂತು ಅನ್ನುವುದಕ್ಕೂ ಆಗದಂತೆ ಎದುರಿಗೆ ಆ ಪರದೆ ಇತ್ತು. ಒಂದು ಬಲ್ಬೂ ಉಳಿದಿರಲಿಲ್ಲ. ಹಗಲಿಗೂ ರಾತ್ರಿಗೂ ನಡುವಿನ ಆ ಕೂದಲೆಳೆ ಇನ್ನು ನಮ್ಮಲ್ಲಿ ಯಾರ ಕಾಲಕ್ಕೂ ಸಿಗುವುದಿಲ್ಲ. ದೊಡ್ಡ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಯಾರೋ ಬಿಕ್ಕುತ್ತಿದ್ದರು.

ಗಣಿಯ ಲಿಫ್ಟಿನಲ್ಲಿ ತಮ್ಮ ಮೇಲೆ ಬಂದ. ಪ್ಯಾಂಟು ಮೊಣಕಾಲವರೆಗೆ ಒದ್ದೆ, ಮುಖ ಸುಣ್ಣದಂತಾಗಿತ್ತು. ಬಾಗಿಲಲ್ಲಿ ನಿಂತು ಅಪ್ಪನನ್ನು ಹುಡುಕಿದ.

ಅಪ್ಪ ನನ್ನ ಕುರ್ಚಿಯಲ್ಲಿ ಕೂತು ಕಪ್ಪು ಪರದೆಯನ್ನು ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಮುಖ ಅರಳಿತು. ಎಷ್ಟೋ ತಿಂಗಳಿಂದ ನಾನು ಅಷ್ಟು ಬೆಳಕನ್ನು ಅಲ್ಲಿ ಕಂಡಿರಲಿಲ್ಲ. ಅವನು ಸುತ್ತ ನಿಂತವರ ಕಡೆ ತಿರುಗಿದ.

"ಯಾಕ್ರೋ ಎಲ್ಲ ಸಾವಿನ ಮನೆ ಥರ ನಿಂತಿದ್ದೀರಾ?" ಅಂದ. "ಅಳಬೇಡ್ರೋ. ಇದು ಉಪ್ಪು. ನಾನೇ ಹಾಕಿದ್ದು. ತೊಟ್ಟಿ ಚೆನ್ನಾಗಿದೆ, ಏನೂ ಆಗಿಲ್ಲ."

ತಮ್ಮ ಕುಂಟುತ್ತ ಬಂದು ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತ. ಅವನ ಮೊಣಕಾಲ ಮೇಲೆ ತಲೆಯಿಟ್ಟ.

"ಚೆನ್ನಾಗಿ ಹಾಕಿದ್ದೀಯಪ್ಪಾ," ಅಂದ. "ನಾವೆಲ್ಲ ನಿಜ ಅಂತಾನೇ ನಂಬಿಬಿಟ್ವಿ."